ರೈಲ್‌ಗನ್ ಬಂದೂಕಿಗಿಂತ ಸರಳವಲ್ಲವೇ? ಅಂತಿಮ ವರ್ಷದ ಪ್ರಾಜೆಕ್ಟಿಗೆ ಮಾಡಬಹುದೇ?

ಕರೆಂಟಿನ ಬಲದಿಂದ ಗುಂಡು ಹಾರಿಸುವ ರೈಲ್‌ಗನ್ನಿಗೆ ‘ಮದ್ದು ಬೇಡ, ಎರಡು ಹಳಿ ಮತ್ತು ಕರೆಂಟ್ ಇದ್ದರೆ ಸಾಕು’ ಎಂದು ನಿಮ್ಮ ಪ್ರಶ್ನೆಯಲ್ಲಿ ಬರೆದಿದ್ದೀರಿ. ನಮ್ಮ ಗೈಡ್ ಎದುರು ನಾನೂ ಇದನ್ನೇ ಹೇಳಿದ್ದೆ. ಅವರು ನಕ್ಕು ಸಹಿ ಹಾಕಿದರು. ಆ ನಗು ಆಗ ಅರ್ಥವಾಗಲಿಲ್ಲ.

ತತ್ತ್ವವೇನೋ ಸರಳ. ಸಮಾನಾಂತರವಾದ ಎರಡು ತಾಮ್ರದ ಹಳಿಗಳು, ನಡುವೆ ಅಡ್ಡಲಾಗಿ ಅಲ್ಯೂಮಿನಿಯಂ ತುಂಡು. ಕರೆಂಟ್ ಒಂದು ಹಳಿಯಲ್ಲಿ ಹೋಗಿ, ತುಂಡನ್ನು ದಾಟಿ, ಇನ್ನೊಂದರಲ್ಲಿ ಮರಳುತ್ತದೆ. ಅದರಿಂದ ಹುಟ್ಟುವ ಕಾಂತಕ್ಷೇತ್ರ ತುಂಡನ್ನು ಮುಂದಕ್ಕೆ ನೂಕುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಕೆಪಾಸಿಟರ್‌ಗಳನ್ನು (ವಿದ್ಯುತ್ತನ್ನು ಕೂಡಿಟ್ಟು ಒಮ್ಮೆಲೇ ಬಿಡುವ ಬಿಡಿಭಾಗಗಳು) ತಂದು ಜೋಡಿಸಿ, ತುಂಡನ್ನು ಬಿಗಿಯಾಗಿ ಕೂರಿಸಿ ಸ್ವಿಚ್ ಒತ್ತಿದೆವು. ಢಂ ಎಂದಿತು, ಕಿಡಿ ಹಾರಿತು. ತುಂಡು ಇದ್ದಲ್ಲೇ ಹಳಿಗೆ ಬೆಸೆದುಕೊಂಡಿತ್ತು.

ನಿಂತಿದ್ದ ತುಂಡಿಗೆ ಕರೆಂಟ್ ಹರಿಸಿದ್ದೇ ತಪ್ಪು. ಎಷ್ಟೇ ನುಣುಪಾಗಿ ಕಂಡರೂ ಎರಡು ಲೋಹಗಳು ಒಂದನ್ನೊಂದು ಮುಟ್ಟುವುದು ಕೆಲವೇ ಸಣ್ಣ ಉಬ್ಬುಗಳಲ್ಲಿ. ಸಾವಿರಾರು ಆಂಪಿಯರ್ ಅಲ್ಲಿಂದಲೇ ನುಗ್ಗಬೇಕು. ತುಂಡು ಓಡುತ್ತಿದ್ದರೆ ಆ ಶಾಖ ಹಳಿಯುದ್ದಕ್ಕೂ ಹಂಚಿಹೋಗುತ್ತದೆ. ನಿಂತಿದ್ದರೆ ಒಂದೇ ಜಾಗ ಕರಗಿ, ತಣಿದು, ಅಂಟಿಕೊಳ್ಳುತ್ತದೆ. ಅದಕ್ಕೇ ತಿಳಿದವರು ತುಂಡಿಗೆ ಮೊದಲು ಗಾಳಿಯ ಒತ್ತಡದಿಂದ ವೇಗ ಕೊಟ್ಟು ಹಳಿಗೆ ಬಿಡುತ್ತಾರೆ. ನಾವು ವೋಲ್ಟೇಜ್ ಏರಿಸಿದೆವು. ಬೆಸುಗೆ ಇನ್ನೂ ಗಟ್ಟಿಯಾಯಿತು! ಹಳಿ ಉಜ್ಜುವುದರಲ್ಲೇ ಸೆಮಿಸ್ಟರ್ ಮುಗಿಯಿತು. ‘ಇದು ಗನ್ನೋ, ವೆಲ್ಡಿಂಗ್ ಯಂತ್ರವೋ?’ ಎಂದರು ವೈವಾಕ್ಕೆ ಬಂದ ಪರೀಕ್ಷಕರು.

ಬಂದೂಕಿನಲ್ಲಿ ಈ ತಲೆನೋವೇ ಇಲ್ಲ. ಅಲ್ಲಿ ಗುಂಡು ಸುಮ್ಮನೆ ನೂಕಿಸಿಕೊಳ್ಳುತ್ತದೆ; ನಳಿಗೆಯೊಳಗೆ ಹಿಗ್ಗುವ ಅನಿಲ ಎಲ್ಲ ಕೆಲಸವನ್ನೂ ಮಾಡುತ್ತದೆ. ರೈಲ್‌ಗನ್ನಿನಲ್ಲಿ ಗುಂಡೋ ಅದನ್ನು ನೂಕುವ ಲೋಹದ ತುಂಡೋ ಸರ್ಕಿಟ್ಟಿನದೇ ಭಾಗ. ಇನ್ನು ಶಕ್ತಿಯ ಲೆಕ್ಕ: 7.62 ಮಿ.ಮೀ. ನ್ಯಾಟೊ ರೈಫಲ್ ತೋಟೆಯೊಂದರ ಸುಮಾರು 3 ಗ್ರಾಂ ಮದ್ದಿನಲ್ಲಿ ಹತ್ತು ಕಿಲೋಜೂಲ್‌ ಆಸುಪಾಸಿನ ಶಕ್ತಿಯಿದೆ. 450 ವೋಲ್ಟ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಿಡಿಯುವುದು 100 ಜೂಲ್. ಅಂಥವು ನೂರು ಬೇಕು. ನಮ್ಮಂಥ ಸಣ್ಣ ಹಳಿಗಳಲ್ಲಿ 10,000 ಆಂಪಿಯರ್ ಹರಿದರೂ ಸಿಗುವ ನೂಕು ಸುಮಾರು 25 ನ್ಯೂಟನ್, ಅಂದರೆ ಎರಡೂವರೆ ಕಿಲೋ ತೂಕದಷ್ಟು. ಸರಳವಾದದ್ದು ಯಾವುದು, ನೀವೇ ಹೇಳಿ.

ರೈಲ್‌ಗನ್ ಗೆಲ್ಲುವುದು ವೇಗದಲ್ಲಿ. ಮದ್ದಿನ ಅನಿಲ ತನ್ನ ವೇಗದ ಮಿತಿಯನ್ನು ಮೀರಿ ಗುಂಡನ್ನು ನೂಕಲಾರದು. ಈ ಕಾಂತಬಲಕ್ಕೆ ಆ ಮಿತಿಯಿಲ್ಲ. ಅಮೆರಿಕದ ನೌಕಾಪಡೆ 2010ರಲ್ಲಿ ವರ್ಜೀನಿಯಾದ ಡಾಲ್‌ಗ್ರೆನ್‌ನಲ್ಲಿ 33 ಮೆಗಾಜೂಲ್‌ನ ಹೊಡೆತ ಸಾಧಿಸಿತು. ಹಳಿಗಳ ಸವೆತ ಮಾತ್ರ ಕೊನೆಯವರೆಗೂ ಕಾಡಿತು. 2021ರಲ್ಲಿ ಯೋಜನೆ ನಿಂತಿತು. ಜಪಾನ್ 2023ರಲ್ಲಿ ಹಡಗಿನಿಂದ ಹಾರಿಸಿ ನೋಡಿದೆ.

ಆದ್ದರಿಂದ ‘ಗನ್’ ಕೈಬಿಡಿ. ಕಡಿಮೆ ವೋಲ್ಟೇಜಿನಲ್ಲಿ, ಜಾರುವ ಸಂಪರ್ಕದಲ್ಲಿ ಹಳಿ ಹೇಗೆ ಸವೆಯುತ್ತದೆ ಎಂಬುದನ್ನು ಅಳೆಯಿರಿ. ನಿಜವಾದ ಸಮಸ್ಯೆ ಇರುವುದು ಅಲ್ಲೇ. ಕೆಪಾಸಿಟರ್ ರಾಶಿಯ ಗೋಜಿಗಂತೂ ಹೋಗಬೇಡಿ, ಸ್ವಿಚ್ ಆರಿಸಿದ ಮೇಲೂ ಅದು ಕೊಲ್ಲಬಲ್ಲದು. ಹಾರುವುದನ್ನೇ ತೋರಿಸಬೇಕೆಂದು ಗೈಡ್ ಹಟ ಹಿಡಿದರೆ, ಗೈಡನ್ನು ಬದಲಿಸಿ.