ಅತ್ತೆಯ ಆರೈಕೆಯಲ್ಲಿ ನಿಮಗೂ ಮರೆವು: ಒಂದು ಪ್ರತಿಕ್ರಿಯೆ

ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ಅತ್ತೆಯನ್ನು ನೋಡಿಕೊಳ್ಳುತ್ತಾ ನಿಮಗೂ ಮರೆವು ಶುರುವಾಗಿದೆ, ಈಳಿಗೆಮಣೆ ತಾಗಿದ ಬೆರಳೂ ಬೇಗ ಮಾಯುತ್ತಿಲ್ಲ, ಇದೆಲ್ಲ ಒತ್ತಡದಿಂದಲಾ ಅಂತ ಕೇಳಿದ್ದೀರಿ. ಆಗಿರಬಹುದು ಮೇಡಂ.

ಗಾಯದ ವಿಷಯವನ್ನು ಅಮೆರಿಕದ ಓಹಿಯೊದಲ್ಲಿ ಅಳೆದೇ ನೋಡಿದ್ದಾರೆ. 1995ರಲ್ಲಿ ಪ್ರಕಟವಾದ ಅಧ್ಯಯನ ಅದು. ಮನೆಯಲ್ಲಿ ಡಿಮೆನ್ಷಿಯಾ ರೋಗಿಯನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಆ ಹೊರೆ ಇಲ್ಲದ ಹೆಚ್ಚುಕಡಿಮೆ ಅದೇ ವಯಸ್ಸಿನ 13 ಹೆಂಗಸರು. ಎಲ್ಲರ ಮುಂಗೈ ಮೇಲೂ 3.5 ಮಿಲಿಮೀಟರಿನ ಒಂದೇ ಅಳತೆಯ ಗಾಯ ಮಾಡಿದರು. (ಅದಕ್ಕೆ ಒಪ್ಪಿದ್ದೇ ದೊಡ್ಡದು!) ಆರೈಕೆ ಮಾಡುವವರ ಗಾಯ ಮಾಯಲು ಸುಮಾರು 9 ದಿನ ಜಾಸ್ತಿ ಹಿಡಿಯಿತು.

ಇನ್ನು ಮರೆವು. ಗ್ಯಾಸ್ ಆಫ್ ಮಾಡುವಾಗ ಕೈ ಒಲೆಯ ಮೇಲೆ, ಕಿವಿ ಅತ್ತೆಯ ಕೋಣೆ ಕಡೆ, ಅಲ್ವಾ? ಗಮನವೇ ಕೊಡದ ಕೆಲಸ ತಲೆಯಲ್ಲಿ ಉಳಿಯುವುದಿಲ್ಲ. ಜೊತೆಗೆ ರಾತ್ರಿ ನಾಲ್ಕೈದು ಸಲ ಏಳುತ್ತೀರಿ. ದಿನವಿಡೀ ಕಂಡದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲೇ. ಅತ್ತೆಯ ಕಾಯಿಲೆ ಸೊಸೆಗೆ ಅಂಟುವಂಥದ್ದಲ್ಲ, ಆ ಭಯ ಬಿಡಿ.

ಆದರೆ ಸುಮ್ನೆ 'ಟೆನ್ಷನ್' ಅಂತ ತಳ್ಳಿಹಾಕಬೇಡಿ. ಗಾಯ ಮಾಯದಿದ್ದರೆ ಮೊದಲು ಶುಗರ್ ನೋಡಿಸಿ. ಥೈರಾಯ್ಡ್, ಬಿ12, ಬಿಪಿ ಕೂಡ. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ವಾರಕ್ಕೆ ಎರಡು ಮೂರು ರಾತ್ರಿ ನಿಮ್ಮ ಯಜಮಾನರು ಆ ಕೋಣೆಯಲ್ಲಿ ಮಲಗಲಿ. ಅವರ ತಾಯಿ ತಾನೇ?