ಕರುಳು ಕಣ್ಣುಮುಚ್ಚಿ ಕೂರುವುದಿಲ್ಲ

ನಮಸ್ಕಾರ.

ರೋಗನಿರೋಧಕ ಕೋಶಗಳನ್ನು ಸೈನಿಕರೆಂದು ಕರೆದು ಉಡುಪಿಯಿಂದ ನೀವು ಬರೆದು ಕಳಿಸಿದ ‘ಹೊಟ್ಟೆಯೊಳಗಿನ ಸೈನಿಕರು’ ಲೇಖನ ಓದಿದೆ. ಅಜ್ಜಿ ಕುಚ್ಚಲಕ್ಕಿ ಗಂಜಿಯ ತೆಳಿಯನ್ನು ಬೆರಳಲ್ಲಿ ಅದ್ದಿ ಮಗುವಿನ ತುಟಿಗೆ ತಾಗಿಸುವ ಆರಂಭ ಚೆನ್ನಾಗಿದೆ. ಭಾಷೆಯೂ ಹದವಾಗಿದೆ. ಆದರೆ ಎರಡನೇ ಪುಟದ ಒಂದು ವಾಕ್ಯ ನಿನ್ನೆಯಿಂದ ನನ್ನನ್ನು ಬಿಟ್ಟಿಲ್ಲ.

“ಅನ್ನದ ಅಗುಳು ಕರುಳಿಗಿಳಿದಾಗ ನಮ್ಮ ಸೈನಿಕರು ಇದು ಶತ್ರುವಲ್ಲವೆಂದು ಕಣ್ಣುಮುಚ್ಚಿ ಕೂರುತ್ತಾರೆ.”

ಅಗುಳು ಅಗುಳಾಗಿ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಹಲ್ಲು, ಜಠರದ ಆಮ್ಲ, ಕಿಣ್ವಗಳು ಅದನ್ನು ಅರೆದು ಒಡೆದಿರುತ್ತವೆ. ಪ್ರೋಟೀನಿನ ಚೂರುಪಾರು ಮಾತ್ರ ಪೂರ್ತಿ ಒಡೆಯದೆ ಉಳಿದು, ಒಂದೇ ಕೋಶದಷ್ಟು ದಪ್ಪದ ಒಳಪದರವನ್ನು ದಾಟುತ್ತದೆ. ನಿಮ್ಮ ಲೇಖನ ಶುರುವಾಗಬೇಕಾದ್ದು ಆ ಚೂರಿನಿಂದ.

ಇನ್ನು ‘ಕಣ್ಣುಮುಚ್ಚಿ’. ಇದನ್ನು ಮಾತ್ರ ನಾನು ಒಪ್ಪಲಾರೆ. ಪದರದ ಕೆಳಗೆ ಕಾವಲಿರುವ ಡೆಂಡ್ರೈಟಿಕ್ ಎಂಬ ರೋಗನಿರೋಧಕ ಕೋಶಗಳು ಆ ಚೂರನ್ನು ಹಿಡಿದು ಹತ್ತಿರದ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಒಯ್ಯುತ್ತವೆ, ಇನ್ನೂ ಯಾವ ಕೆಲಸಕ್ಕೂ ಇಳಿಯದ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಎ ವಿಟಮಿನ್‌ನಿಂದ ತಯಾರಾಗುವ ರೆಟಿನೊಯಿಕ್ ಆಮ್ಲವೂ ಟಿಜಿಎಫ್-ಬೀಟಾ ಎಂಬ ಸಂಕೇತವೂ ಕೂಡಿದಾಗ ಅವುಗಳಲ್ಲಿ ಕೆಲವು ನಿಯಂತ್ರಕ ಟಿ ಕೋಶಗಳಾಗುತ್ತವೆ. ಅವು ಕರುಳಿಗೆ ಮರಳಿ, ಅದೇ ಪ್ರೋಟೀನ್ ಮತ್ತೆ ಬಂದಾಗ ಉಳಿದ ಕೋಶಗಳು ಮೇಲೆ ಬೀಳದಂತೆ ತಡೆಯುತ್ತವೆ. ಈ ನಿಯಂತ್ರಕ ಕೋಶಗಳ ಶೋಧಕ್ಕಾಗಿಯೇ ಜಪಾನಿನ ವಿಜ್ಞಾನಿ ಶಿಮೊನ್ ಸಕಾಗುಚಿ ಮತ್ತು ಇನ್ನಿಬ್ಬರಿಗೆ 2025ರ ವೈದ್ಯಕೀಯ ನೊಬೆಲ್ ಸಂದಿದೆ. ಇಷ್ಟು ಕೆಲಸ ನಡೆಯುವಲ್ಲಿ ಕಣ್ಣು ಮುಚ್ಚಿ ಕೂತವರು ಯಾರು ಮಾರಾಯ್ರೇ?

ಮಂಗಳೂರಿನ ಪತ್ರಿಕೆಯೊಂದಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ ನಾನು “ನೇತ್ರಾವತಿ ರೌದ್ರಾವತಾರ ತಾಳಿದಳು” ಎಂದು ಬರೆದುಕೊಟ್ಟಿದ್ದೆ. ಹಿರಿಯ ಉಪಸಂಪಾದಕರು ಓದಿ ಕೇಳಿದ್ದು ಒಂದೇ ಮಾತು: “ನೀರು ಎಷ್ಟನೇ ಮೆಟ್ಟಿಲಿಗೆ ಬಂದಿತ್ತು?” ನನಗೆ ಗೊತ್ತಿರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಬಂಟ್ವಾಳಕ್ಕೆ ಹೋದೆ. ನೀರು ಇಳಿದಿತ್ತು. ಕಲ್ಲಿನ ಮೆಟ್ಟಿಲ ಮೇಲೆ ಹಸಿ ಕೆಸರಿನ ಗೆರೆ, ಗೆರೆಗೆ ಅಂಟಿದ ಅಡಕೆ ಸಿಪ್ಪೆ. ಮೇಲಿನಿಂದ ನಾಲ್ಕನೆಯದು. ರೌದ್ರಾವತಾರ ಆ ಗೆರೆಯನ್ನು ನನ್ನಿಂದ ಮುಚ್ಚಿಟ್ಟಿತ್ತು. ನಿಮ್ಮ ಸೈನಿಕರೂ ನಿಮಗೆ ಅದನ್ನೇ ಮಾಡುತ್ತಿದ್ದಾರೆ.

ಅದರಿಂದಲೇ ಮುಂದಿನ ಸಾಲೂ ಕೆಟ್ಟಿದೆ: “ಈ ಗುರುತು ಹುಟ್ಟಿನಿಂದಲೇ ಬಂದದ್ದು.” ಅಲ್ಲ. ಸೈನಿಕನಿಗೆ ಶತ್ರು ಯಾರೆಂದು ಮೊದಲೇ ಹೇಳಿಟ್ಟಿರುತ್ತಾರೆ, ಕರುಳು ತಿಂದು ತಿಂದು ಕಲಿಯಬೇಕು. 1911ರಲ್ಲೇ ವೆಲ್ಸ್ ಮತ್ತು ಆಸ್ಬೋರ್ನ್ ಎಂಬ ವಿಜ್ಞಾನಿಗಳು, ಮೆಕ್ಕೆಜೋಳ ತಿಂದು ಬೆಳೆದ ಗಿನಿಪಿಗ್‌ಗಳಿಗೆ ಅದರ ಪ್ರೋಟೀನ್ ಚುಚ್ಚಿದರೂ ಅಲರ್ಜಿಯ ಆಘಾತ ಆಗದ್ದನ್ನು ಕಂಡಿದ್ದರು. 2015ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನದಲ್ಲಿ ಅಲರ್ಜಿಯ ಅಪಾಯ ಹೆಚ್ಚಿದ್ದ 640 ಶಿಶುಗಳಿದ್ದವು. ಚರ್ಮದ ಪರೀಕ್ಷೆಯಲ್ಲಿ ನೆಗೆಟಿವ್ ಬಂದವರ ಪೈಕಿ, ನೆಲಗಡಲೆಯಿಂದ ದೂರವಿಟ್ಟ ಮಕ್ಕಳಲ್ಲಿ ಶೇ. 13.7ರಷ್ಟು ಮಂದಿಗೆ ಐದು ವರ್ಷದ ಹೊತ್ತಿಗೆ ನೆಲಗಡಲೆ ಅಲರ್ಜಿ ಇತ್ತು. ತಿನ್ನಿಸಿದವರಲ್ಲಿ ಶೇ. 1.9 ಮಾತ್ರ.

ನಿಮ್ಮ ಮೊದಲ ಪ್ಯಾರಾಕ್ಕೆ ಇದೆಲ್ಲ ಗೊತ್ತಿತ್ತು. ಎರಡನೇ ಪುಟ ಅದನ್ನು ಮರೆಯಿತು. ಆ ಪುಟವೊಂದನ್ನೇ ಮತ್ತೆ ಬರೆದು ಕಳಿಸಿ, ಅಜ್ಜಿಯ ಬೆರಳಲ್ಲಿದ್ದ ತೆಳಿ ಆಮೇಲೆ ಎಲ್ಲೆಲ್ಲಿಗೆ ಹೋಯಿತು ಎಂದು. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.