ಮನೆಯೊಳಗಿನ ಹೊಗೆ, ಹೊರಗಿನ ದೂಳು: ಓದುಗರ ಪ್ರಶ್ನೆಗಳು

ಪ್ರಶ್ನೆ: ಮನೆ ದಟ್ಟ ಸಂಚಾರದ ರಸ್ತೆಗೆ ಅಂಟಿಕೊಂಡಿದೆ. ಮಗನಿಗೆ ಆಸ್ತಮಾ. ಅವನ ಕೋಣೆಗೆ ಏರ್ ಪ್ಯೂರಿಫೈಯರ್ ತಂದಿಟ್ಟರೂ ರಾತ್ರಿಯ ಕೆಮ್ಮು ಇಳಿದಿಲ್ಲ. ಸೊಳ್ಳೆ ಕಾಟಕ್ಕೆ ಕಾಯಿಲ್ ಹಚ್ಚಿಡುತ್ತೇವೆ. ಯಂತ್ರವೇ ಸರಿಯಿಲ್ಲವೇ?

ಉತ್ತರ: ಮೊದಲು ಕಾಯಿಲ್ ನಂದಿಸಿ. ಒಂದು ಕಾಯಿಲ್ ಪೂರ್ತಿ ಉರಿದರೆ ಬಿಡುವ ಸೂಕ್ಷ್ಮ ಕಣ (ಪಿಎಂ 2.5) 75ರಿಂದ 137 ಸಿಗರೇಟಿನಷ್ಟು ಎಂದು 2003ರ ಅಧ್ಯಯನವೊಂದು ಅಳೆದು ಹೇಳಿದೆ. ಅದನ್ನು ಮಂಚದ ಬುಡದಲ್ಲಿಟ್ಟು ಪಕ್ಕದಲ್ಲೇ ಯಂತ್ರ ಓಡಿಸುವುದು ಕರೆಂಟು ದಂಡ. ಸೊಳ್ಳೆ ಪರದೆ ಕಟ್ಟಿ, ಕಿಟಕಿಗೆ ಜಾಲರಿ ಹಾಕಿಸಿ.

ಇನ್ನು ಯಂತ್ರ. ಅದರ ಮೇಲೆ ಸಿಎಡಿಆರ್ ಎಂಬ ಅಂಕಿ ಇರುತ್ತದೆ. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆಂಬ ಲೆಕ್ಕ. ಕೋಣೆ 4 ಮೀಟರ್ ಉದ್ದ, 3 ಅಗಲ, 3 ಎತ್ತರ ಇದ್ದರೆ ಒಳಗಿರುವುದು 36 ಘನ ಮೀಟರ್ ಗಾಳಿ. ಗಂಟೆಗೆ ಐದು ಸಲ ಶುದ್ಧವಾಗಬೇಕೆಂದರೆ 180 ಬೇಕು. ಎಡವುವುದು ಇಲ್ಲೇ: ಆ ಅಂಕಿ ಫ್ಯಾನ್ ಪೂರ್ತಿ ವೇಗದಲ್ಲಿದ್ದಾಗಿನದು. ಸದ್ದು ತಾಳದೆ ರಾತ್ರಿ ‘ಸ್ಲೀಪ್’ಗೆ ಹಾಕಿದರೆ ಅದರ ಒಂದು ಪಾಲಷ್ಟೇ ಸಿಗುತ್ತದೆ. ದೊಡ್ಡ ಯಂತ್ರ ಕೊಂಡು ನಡುವೇಗದಲ್ಲಿ ಓಡಿಸುವುದೇ ಜಾಣತನ. ಗಾಳಿ ಎಳೆಯುವ ಬದಿಯನ್ನು ಗೋಡೆಗೆ ಒತ್ತಿಡಬೇಡಿ. ಅಯಾನೈಸರ್ (ಗಾಳಿಗೆ ವಿದ್ಯುದಾವೇಶದ ಕಣ ಬಿಡುವ ಸಾಧನ) ಗುಂಡಿ ಇದ್ದರೆ ಆಫ್ ಮಾಡಿಡಿ. ಅದರಿಂದ ಓಝೋನ್ ಹುಟ್ಟಬಹುದು, ಆಸ್ತಮಾ ಇರುವವರಿಗೆ ಅದು ಶತ್ರು.

ಯಂತ್ರದೊಳಗೆ ಗಾಳಿ ಸೋಸುವ ಹೆಪಾ ಫಿಲ್ಟರ್ ಹಿಡಿಯುವುದು ಕಣಗಳನ್ನು ಮಾತ್ರ, ಅನಿಲಗಳನ್ನಲ್ಲ. ಗ್ಯಾಸ್ ಒಲೆಯ ನೀಲಿ ಜ್ವಾಲೆಯಿಂದಲೂ ಉಸಿರ ನಾಳ ಕೆರಳಿಸುವ ನೈಟ್ರೋಜನ್ ಡೈಆಕ್ಸೈಡ್ ಅನಿಲ ಬರುತ್ತದೆ. ಎಕ್ಸಾಸ್ಟ್ ಫ್ಯಾನ್ ಒಲೆ ಹಚ್ಚುವ ಮೊದಲೇ ತಿರುಗಲಿ, ಆರಿಸಿದ ಮೇಲೂ ಹತ್ತು ನಿಮಿಷ ತಿರುಗಲಿ. ಕಿಟಕಿ ತೆರೆಯುವುದಾದರೆ ರಸ್ತೆಯ ಬದಿಯದ್ದಲ್ಲ, ಹಿಂಬದಿಯದ್ದು. ಅದೂ ವಾಹನಗಳ ಗದ್ದಲ ಇಳಿದ ಹೊತ್ತಿನಲ್ಲಿ. ಗಾಳಿಯಾಡದ ಚಳಿಯ ಬೆಳಗಿನಲ್ಲಿ ತಂಪು ಗಾಳಿ ನೆಲಕ್ಕಂಟಿ ನಿಂತು ಹೊಗೆಯನ್ನು ಮೇಲೇರಗೊಡುವುದಿಲ್ಲ, ಆಗ ತೆರೆಯಬೇಡಿ. ಏನೇ ಮಾಡಿದರೂ ವೈದ್ಯರನ್ನು ಕೇಳದೆ ಇನ್ಹೇಲರ್ ನಿಲ್ಲಿಸಬೇಡಿ.

ಪ್ರಶ್ನೆ: ಎಲೆಕ್ಟ್ರಿಕ್ ಕಾರು ಕೊಂಡರೆ ನಮ್ಮಿಂದಾಗುವ ಮಾಲಿನ್ಯ ಸೊನ್ನೆಯೇ?

ಉತ್ತರ: ಹೊಗೆ ಕೊಳವೆ ಇಲ್ಲ, ನಿಜ. ಟೈರು ಸವೆಯುವುದು, ರಸ್ತೆಯ ದೂಳೇಳುವುದು ಇದ್ದೇ ಇದೆ. ಬ್ಯಾಟರಿಯ ಭಾರಕ್ಕೆ ಟೈರಿನ ಸವೆತ ಹೆಚ್ಚಲೂಬಹುದು. ಮೋಟಾರೇ ವೇಗ ತಗ್ಗಿಸುವುದರಿಂದ ಬ್ರೇಕ್ ದೂಳು ಮಾತ್ರ ಕಡಿಮೆ. ಟೈರಿನ ಗಾಳಿ ಸರಿಯಾಗಿರಲಿ, ಒಮ್ಮೆಲೇ ವೇಗ ಹೆಚ್ಚಿಸಬೇಡಿ. ಒಂದೆರಡು ಕಿಲೋಮೀಟರಿನ ಕೆಲಸಕ್ಕೆ ಕಾರು ತೆಗೆಯದಿರುವುದು ಇದಕ್ಕಿಂತ ಮೇಲು.

ಪ್ರಶ್ನೆ: ಸ್ಕೂಟರಿನಲ್ಲಿ ಹೋಗುವಾಗ ಕರ್ಚೀಫು ಕಟ್ಟಿಕೊಂಡರೆ ಸಾಕೇ?

ಉತ್ತರ: ಕಣ್ಣಿಗೆ ಕಾಣುವ ದೂಳಿಗೆ ಸಾಕು, ಶ್ವಾಸಕೋಶದ ಆಳಕ್ಕಿಳಿಯುವ ಕಣಗಳಿಗೆ ಸಾಲದು. ಎನ್‌95 ಮಾಸ್ಕ್ ಧರಿಸಿ, ಮೂಗಿನ ಮೇಲಿನ ಪಟ್ಟಿ ಒತ್ತಿ, ಜೋರಾಗಿ ಉಸಿರು ಬಿಡಿ. ಅಂಚಿನಲ್ಲಿ ಗಾಳಿ ತಗಲಿದರೆ ಅದು ಸೋರುತ್ತಿದೆ. ಗಡ್ಡವಿದ್ದರೆ ಸೋರಿಯೇ ಸೋರುತ್ತದೆ. ಸಿಗ್ನಲ್‌ನಲ್ಲಿ ಲಾರಿಯ ಬಾಲಕ್ಕೆ ನಿಲ್ಲದೆ ಒಂದಿಷ್ಟು ಹಿಂದೆ ಅಥವಾ ಬದಿಗೆ ನಿಲ್ಲಿ.